ಈ ಕೂಸು ಆ ಕೂಸಲ್ಲ

ಚುಂಚನಕಟ್ಟೆ ಜಾತ್ರೆಯ ಚಳಿ ಅಲ್ಲಿ ರಾತ್ರಿ ಕಳೆದವರಿಗೇ ಗೊತ್ತು. ಸಂಕ್ರಾಂತಿಯ ಆಸುಪಾಸು. ಒಂದು ಕಡೆ ಕಾವೇರಿ ಧುಮುಕುವ ಸದ್ದು, ಇನ್ನೊಂದು ಕಡೆ ಕೋದಂಡರಾಮನ ಗುಡಿ, ಬಯಲ ತುಂಬ ಹಳ್ಳಿಕಾರ್ ಎತ್ತು. ಹಗಲೆಲ್ಲ ಸುಳಿ ನೋಡುವುದು, ಹಲ್ಲು ಎಣಿಸುವುದು, ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಹೊತ್ತು ಮುಳುಗಿತೆಂದರೆ ಹೊಳೆ ಕಡೆಯಿಂದ ಮಂಜು ಮೇಲೇಳುತ್ತದೆ. ಆಗ ಎತ್ತಿನ ಸಾಲುಸಾಲಿಗೂ ಒಂದೊಂದು ಬೆಂಕಿ. ಕಬ್ಬಿನ ಸೋಗೆ, ತೆಂಗಿನ ಮಟ್ಟೆ, ಒಣ ಬೆರಣಿ, ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ. ಆ ಬೆಂಕಿಗಳ ಸುತ್ತ ಕೂತು ಎಷ್ಟೋ ಮಾತು ಕೇಳಿದ್ದೇನೆ, ಬಹುಪಾಲು ಮರೆತಿದ್ದೇನೆ. ಒಂದು ರಾತ್ರಿಯದು ಮಾತ್ರ ಮರೆತಿಲ್ಲ. ಅವತ್ತಿನ ಮಾತು ಎತ್ತಿನದಾಗಿರಲಿಲ್ಲ, ಬಿಸ್ಕತ್ತಿನದಾಗಿತ್ತು.

ನಮ್ಮಪ್ಪನದು ಕೆ.ಆರ್. ನಗರದಲ್ಲಿ ಸಣ್ಣದೊಂದು ದಿನಸಿ ಅಂಗಡಿ. ಜಾತ್ರೆ ಬಂತೆಂದರೆ ಅರ್ಧ ಮಾಲನ್ನು ಗಾಡಿಗೆ ಹೇರಿಕೊಂಡು ಚುಂಚನಕಟ್ಟೆಗೆ ಹೋಗಿ, ತಡಿಕೆ ನಿಲ್ಲಿಸಿ, ಮೇಲೆ ತೆಂಗಿನ ಗರಿ ಹೊದಿಸಿ ಅಂಗಡಿ ಹೂಡುತ್ತಿದ್ದರು. ಬೀಡಿ, ಬೆಂಕಿಪೊಟ್ಟಣ, ಕಡ್ಲೆಪುರಿ, ಬೆಲ್ಲ, ಸೀಮೆಎಣ್ಣೆ, ಸೋಪು, ಬಿಸ್ಕತ್ತು. ನಾನಾಗ ಪ್ರೈಮರಿ ಸ್ಕೂಲಿನ ಕೊನೆಯ ತರಗತಿಗಳಲ್ಲಿದ್ದೆ. ಎಂಬತ್ತರ ದಶಕದ ಮಧ್ಯಭಾಗ ಅನ್ನಿ.

ಅಂಗಡಿಗೆ ಬರುತ್ತಿದ್ದವರಲ್ಲಿ ಓದು ಬಂದವರು ಕಡಿಮೆ. ಅದರಿಂದ ವ್ಯಾಪಾರಕ್ಕೇನೂ ತೊಡಕಾಗುತ್ತಿರಲಿಲ್ಲ. ಕೆಂಪು ಸೋಪು ಎಂದರೆ ಲೈಫ್‌ಬಾಯ್. ಹಳದಿ ಡಬ್ಬ ಎಂದರೆ ಡಾಲ್ಡಾ. ಫ್ರಾಕಿನ ಹುಡುಗಿ ಪುಡಿ ಎಂದರೆ ನಿರ್ಮಾ. ಮದುವೆ ಮನೆಗೆ, ಬಾಣಂತಿ ಮನೆಗೆ ಒಯ್ಯಲು ಬೇಕಾದದ್ದು ಆನೆ ಸೋಪು. ಮೈಸೂರು ಸ್ಯಾಂಡಲ್ಲಿನ ಮೇಲಿರುವುದು ಸಿಂಹದ ಮೈಗೆ ಆನೆ ತಲೆಯ ಶರಭ ಎಂದು ತಿದ್ದಲು ಹೋದರೆ ಯಾರು ಕೇಳುತ್ತಾರೆ? ಸೊಂಡಿಲು ಕಾಣಿಸಿದ ಮೇಲೆ ಅದು ಆನೆಯೇ. ಪಾರ್ಲೆ-ಜಿಗೆ ಕೂಸಿನ ಬಿಸ್ಕತ್ತು ಎನ್ನುತ್ತಿದ್ದರು. ಹಳದಿ ಬಿಳಿ ಪಟ್ಟೆಯ ಮೇಣದ ಕಾಗದ, ಅದರ ಮೇಲೆ ಗುಂಡುಮುಖದ ಒಂದು ಹೆಣ್ಣುಕೂಸು. ಕಂಪನಿಯವರು ಕಾಗದದ ಮೇಲೆ ಅಚ್ಚು ಹಾಕಿಸಿದ ಹೆಸರು ಒಂದು, ಜನ ಕೂಗುವ ಹೆಸರು ಇನ್ನೊಂದು. ಅಪ್ಪನಿಗೆ ಎರಡೂ ಬಾಯಿಪಾಠ.

ಆ ವರ್ಷ ಜಾತ್ರೆ ಕಟ್ಟಿದ ಎರಡನೆಯ ದಿನವೋ ಏನೋ, ಮಧ್ಯಾಹ್ನದ ಹೊತ್ತಿಗೆ ಒಂದು ಮೆಟಡೋರ್ ಬಂದು ನಿಂತಿತು. ಅಪ್ಪ ಊಟಕ್ಕೆ ಹೋಗಿದ್ದರು, ಗಲ್ಲಾದ ಮೇಲೆ ನಮ್ಮಣ್ಣ. ಗಾಡಿಯಿಂದಿಳಿದವನು ಮಾತುಗಾರ. "ಕಂಪನಿ ಸ್ಕೀಮು ಸಾರ್, ಜಾತ್ರೆ ರೇಟು, ಪೊಟ್ಟಣಕ್ಕೆ ನಾಲ್ಕಾಣೆ ಉಳಿತದೆ" ಎಂದು ಎರಡು ದೊಡ್ಡ ಡಬ್ಬ ಇಳಿಸಿ, ರೊಕ್ಕ ಎಣಿಸಿಕೊಂಡು, ಬಿಲ್ಲು ಆಮೇಲೆ ಕೊಡುತ್ತೇನೆಂದು ಹೊರಟುಹೋದ. ಅಣ್ಣನಿಗೆ ಖುಷಿಯೋ ಖುಷಿ. ಅಪ್ಪ ಬಂದು ಡಬ್ಬ ಬಿಚ್ಚಿ ಪೊಟ್ಟಣ ತೆಗೆದರು. ಅದೇ ಹಳದಿ, ಅದೇ ಪಟ್ಟೆ, ಅದೇ ಜಾಗದಲ್ಲಿ ಒಂದು ಮಗು. ಹೆಸರೂ ಅದೇ ಬಣ್ಣದ ಪಟ್ಟಿಯಲ್ಲಿ. ಒಳಗೊಳಗೇ ಎರಡು ಇಂಗ್ಲಿಷ್ ಅಕ್ಷರ ಜಾಗ ಅದಲುಬದಲಾಗಿದ್ದವು. ಗಿರಾಕಿ ಮುಗಿಬಿದ್ದಿದ್ದ ಹೊತ್ತಿನಲ್ಲಿ ಅದನ್ನು ಯಾರು ನೋಡುತ್ತಾರೆ? ಸಂಜೆವರೆಗೆ ಒಂದಷ್ಟು ಪೊಟ್ಟಣ ಖರ್ಚಾಯಿತು.

ರಾತ್ರಿ ಅಂಗಡಿ ಮುಂದೆ ಬೆಂಕಿ ಹಾಕಿದ್ದೆವು. ಅಪ್ಪ, ಅಣ್ಣ, ಎತ್ತು ತಂದಿದ್ದ ನಾಲ್ಕೈದು ಜನ, ಹಳೇ ಪರಿಚಯದ ಒಬ್ಬರು ಮೇಷ್ಟ್ರು. ಜೊತೆಗೆ ಮೈಸೂರು ಸಂತೇಪೇಟೆಯ ಶೆಟ್ಟರು. ಅಪ್ಪ ರಖಂ ಮಾಲು ತರುತ್ತಿದ್ದುದು ಅವರಿಂದಲೇ. ರಾಮನ ತೇರಿಗೆ ಹರಕೆ ಎಂದು ವರ್ಷಾ ಬರುತ್ತಿದ್ದರು, ಬಂದವರು ಬಾಕಿಯನ್ನೂ ಒಂದಿಷ್ಟು ವಸೂಲು ಮಾಡಿಕೊಂಡು ಹೋಗುತ್ತಿದ್ದರು.

ಆಗ ಬಂದಳು ಆ ಮುದುಕಿ. ಪಿರಿಯಾಪಟ್ಟಣದ ಕಡೆಯವಳು, ಮಗ ಒಂದು ಜೋಡಿ ಕರು ಮಾರಲು ತಂದಿದ್ದ. ಸೊಂಟದ ಮೇಲೆ ಮೊಮ್ಮಗ, ಕೈಯಲ್ಲಿ ಬಿಚ್ಚಿದ ಪೊಟ್ಟಣ.

"ಸಾವ್ಕಾರ್ರೇ, ಈ ಕೂಸು ಆ ಕೂಸಲ್ಲ."

ಅಪ್ಪ ಕಕ್ಕಾಬಿಕ್ಕಿಯಾಗಿ ಅವಳ ಸೊಂಟದ ಮೇಲಿನ ಹುಡುಗನನ್ನು ನೋಡಿದರು. "ಯಾವ ಕೂಸವ್ವ?"

"ಬಿಸ್ಕತ್ತಿನ ಕೂಸು ಕಣಪ್ಪ. ಇದು ಅದಲ್ಲ. ಇವ್ಳು ಅದರ ಅಕ್ಕ ಇದ್ದಂಗವ್ಳೆ."

ಎಲ್ಲರೂ ನಕ್ಕರು. ಮೇಷ್ಟ್ರು ಪೊಟ್ಟಣ ಇಸಕೊಂಡು, ಕನ್ನಡಕ ಏರಿಸಿ, ಬೆಂಕಿಯ ಬೆಳಕಿಗೆ ಹಿಡಿದು, ಶಾಲೆಯ ಗತ್ತಿನಲ್ಲೇ ಗಟ್ಟಿಯಾಗಿ ಓದಿದರು. "ಪಾರ್ಲೆ-ಜಿ. ಸರಿಯಾಗೇ ಇದೆಯಲ್ಲಜ್ಜಿ, ದಪ್ಪಕ್ಷರದಲ್ಲಿ ಬರೆದಿದ್ದಾರೆ."

"ಬರ್ದಿರದು ನಂಗೊತ್ತಿಲ್ಲ ಮೇಷ್ಟ್ರೇ. ಕೂಸು ಅದಲ್ಲ."

ಶೆಟ್ಟರು ಕೈ ಚಾಚಿ ಪೊಟ್ಟಣ ತೆಗೆದುಕೊಂಡರು. ಒಂದು ಬಿಸ್ಕತ್ತು ಮುರಿದು ಮೂಸಿದರು, ಕಾಗದವನ್ನು ಹೆಬ್ಬೆರಳಿನಲ್ಲಿ ಉಜ್ಜಿದರು. ಆಮೇಲೆ ಮೇಷ್ಟ್ರ ಮುಂದೆ ಹಿಡಿದು, "ಒಂದೊಂದೇ ಅಕ್ಷರ ಓದಿ ಸ್ವಾಮಿ" ಎಂದರು. ಮೇಷ್ಟ್ರು ಓದಿದರು. ನಾಲ್ಕನೆಯ ಅಕ್ಷರಕ್ಕೆ ಬಂದು ನಿಂತರು. ಮತ್ತೆ ಮೊದಲಿಂದ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಓದು ಬಂದವರು ಅಕ್ಷರ ನೋಡುವುದೇ ಇಲ್ಲ, ಮೊದಲನೆಯದು ಕೊನೆಯದು ನೋಡಿ ನಡುವಿನದನ್ನು ತಾವೇ ತುಂಬಿಕೊಳ್ಳುತ್ತಾರೆ. ಇಂಥ ಮಾಲು ಮಾಡುವವನಿಗೆ ಅದು ಚೆನ್ನಾಗಿ ಗೊತ್ತು. ಆದರೆ ಚಿತ್ರವನ್ನೇ ನಂಬಿಕೊಂಡ ಗಿರಾಕಿ ಸಿಕ್ಕಿದರೆ ಅವನ ಲೆಕ್ಕ ಕೆಡುತ್ತದೆ, ಅವತ್ತು ಕೆಟ್ಟ ಹಾಗೆ.

ಅಪ್ಪನ ಮುಖ ಸಪ್ಪಗಾಯಿತು. ಅಣ್ಣ ಎದ್ದು ಎತ್ತಿನ ಸಾಲಿನ ಕಡೆ ಹೊರಟ. ಶೆಟ್ಟರು ಕೂಗಿ ಕೂರಿಸಿದರು. "ಓಡಬೇಡ, ಕೂತ್ಕೋ. ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯ ಇದು. ಅದೂ ನಮ್ಮ ಮೈಸೂರಿನಿಂದ." ಹಾಗೆ ಹೇಳಿ ಅಪ್ಪನಿಂದ ಒಂದು ಹಳೇ ಸ್ಟಾಕಿನ ಅಸಲಿ ಪೊಟ್ಟಣ ತರಿಸಿ, ಬೆಂಕಿಯ ಸುತ್ತ ಎಲ್ಲರ ಕೈಗೂ ಒಂದು ಸುತ್ತು ದಾಟಿಸಿದರು. "ಚೆನ್ನಾಗಿ ನೋಡ್ಕೊಳ್ಳಿ." ಪೊಟ್ಟಣ ವಾಪಸು ಬಂದ ಮೇಲೆ ಶಾಲಿನೊಳಗೆ ಇಟ್ಟುಕೊಂಡರು. ನಕಲಿಯದೂ ಅಲ್ಲೇ ಸೇರಿತು. ಆಮೇಲೆ ಕಥೆ ಶುರು.

ಮುಂಬಯಿಯ ವಿಲೇ ಪಾರ್ಲೆ ಎಂಬ ಜಾಗದಲ್ಲಿ 1929ರಲ್ಲಿ ಮೋಹನ್‌ಲಾಲ್ ದಯಾಳ್ ಚೌಹಾಣ್ ಎಂಬವರ ಮನೆತನ ಪೆಪ್ಪರ್‌ಮೆಂಟಿನ ಕಾರ್ಖಾನೆ ಹಾಕಿತು. ಊರ ಹೆಸರೇ ಕಂಪನಿಗೆ. 1939ರಲ್ಲಿ ಬಿಸ್ಕತ್ತು ಸುಡಲು ಹಿಡಿದರು. ಅದರ ಹೆಸರು ಪಾರ್ಲೆ ಗ್ಲೂಕೋ. 'ಗ್ಲೂಕೋ' ಎಂಬ ಹೆಸರನ್ನು ನೋಂದಾಯಿಸಿಕೊಂಡರು, ಹೊದಿಕೆಯ ಚಿತ್ರವನ್ನೂ 1942ರಲ್ಲಿ ನೋಂದಾಯಿಸಿಕೊಂಡರು. ಆಗಿನ ಹೊದಿಕೆಯಲ್ಲಿ ಈ ಕೂಸು ಇರಲಿಲ್ಲ. ಮಾಸಲು ಹಳದಿ ಕಾಗದದ ಮೇಲೆ ಒಂದು ಹಟ್ಟಿಯಂಗಳ, ನಡುವೆ ನೀರಿನ ಬಕೆಟು ಹಿಡಿದ ಹುಡುಗಿ, ಸುತ್ತ ಹಸು, ಕೋಳಿ, ಹಿಂದೆ ಮನೆ, ಮರ. ಅರವತ್ತರ ದಶಕದ ಮೊದಲಲ್ಲಿ ಕಂಪನಿಯವರ ಕಣ್ಣಿಗೆ ಇನ್ನೊಂದು ಬಿಸ್ಕತ್ತು ಬಿತ್ತು. ಮೈಸೂರಿನ ಜೆ. ಪಿ. ಅಂಡ್ ಕೋ. ಎಂಬವರದು. ಅದರ ಮೇಲೂ ಹಟ್ಟಿಯಂಗಳ, ಅಲ್ಲೂ ಹುಡುಗಿ, ಹಸು, ಕೋಳಿ. ಈ ಹುಡುಗಿಯ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು, ಬುತ್ತಿ ಗಂಟು. ಅಲ್ಲಿ 'ಗ್ಲೂಕೋ ಬಿಸ್ಕೆಟ್ಸ್' ಎಂದಿದ್ದರೆ ಇಲ್ಲಿ 'ಗ್ಲೂಕೋಸ್ ಬಿಸ್ಕೆಟ್ಸ್'.

"ನಮ್ಮ ಕಡೆ ಹೆಂಗಸು ತಾನೇ" ಎಂದ ಬೆಂಕಿಯ ಆಚೆಯಿಂದ ಒಬ್ಬ. "ಹುಲ್ಲು ಹೊತ್ತವಳೆ, ಬುತ್ತಿ ಹಿಡ್ದವಳೆ. ಬಕೀಟು ಹಿಡ್ದು ನಿಂತ್ಕಳಕೆ ನಮ್ಮೋರ್ಗೆಲ್ಲಿ ಪುರಸೊತ್ತು?"

ಶೆಟ್ಟರಿಗೆ ನಗು ತಡೆಯಲಿಲ್ಲ. ಪಾರ್ಲೆಯವರು ಮೈಸೂರಿನಲ್ಲಿ ದಾವೆ ಹೂಡಿದರು. ಕೆಳಗಿನ ಕೋರ್ಟು ವಜಾ ಮಾಡಿತು. ಮೈಸೂರು ಹೈಕೋರ್ಟಿಗೆ ಹೋದರು, ಅಲ್ಲೂ ವಜಾ. ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಿದರೆ ಹುಡುಗಿ ಬೇರೆ, ಹೊತ್ತದ್ದು ಬೇರೆ, ಹಿಡಿದದ್ದು ಬೇರೆ. ಇಷ್ಟೆಲ್ಲ ಬೇರೆಯಾದ ಮೇಲೆ ಜನ ಮೋಸಹೋಗುತ್ತಾರೆ ಎಂದರೆ ಹೇಗೆ ಎಂಬ ವಾದ ಗೆದ್ದಿತು. ದೆಹಲಿಗೆ ಹೋದಾಗ ಮಗುಚಿ ಬಿತ್ತು. 1972ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಾರ್ಲೆಯ ಪರವಾಗಿ ತೀರ್ಪು ಕೊಟ್ಟು, ಆ ಹೊದಿಕೆ ಬಳಸಬಾರದೆಂದು ತಡೆಯಾಜ್ಞೆ ಹಾಕಿತು. ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದೇ ತಪ್ಪು ವಿಧಾನ ಎಂದಿತು. ಅಂಗಡಿಗೆ ಬರುವವನ ಕೈಯಲ್ಲಿ ಅಸಲಿ ಇರುವುದಿಲ್ಲ, ತಲೆಯಲ್ಲಿ ಅದರ ನೆನಪು ಮಾತ್ರ ಇರುತ್ತದೆ. ಒಂದನ್ನು ಇವತ್ತು ನೋಡಿ ಇನ್ನೊಂದನ್ನು ಬೇರೊಂದು ದಿನ ನೋಡಿದರೆ ಅದೇ ಇದು ಎಂದುಕೊಳ್ಳುವಷ್ಟು ಹೋಲಿಕೆ ಇದ್ದರೆ ಸಾಕು.

"ಇನ್ನೂ ಒಂದು ಮಾತು ಬರೆದಿದ್ದಾರಂತೆ" ಎಂದರು ಶೆಟ್ಟರು. "ಸಾಮಾನ್ಯ ಗಿರಾಕಿಗೆ ಅದ್ಯಾರೋ ಇಂಗ್ಲೆಂಡಿನ ಪತ್ತೇದಾರನ ಕಣ್ಣಿರೋದಿಲ್ಲ ಅಂತ. ಅವನ ಹೆಸರು..."

"ಷೆರ್ಲಾಕ್ ಹೋಮ್ಸ್!" ಮೇಷ್ಟ್ರು ನೆಟ್ಟಗಾದರು. ಆಗಿನಿಂದ ಕುಗ್ಗಿ ಕೂತಿದ್ದವರಿಗೆ ಜೀವ ಬಂತು. ಹೋಮ್ಸ್ ಒಬ್ಬನ ಚಪ್ಪಲಿ ಮಣ್ಣು ನೋಡಿ ಅವನ ಊರು ಹೇಳುತ್ತಿದ್ದ ಎಂಬುದನ್ನೆಲ್ಲ ವಿವರಿಸಿದರು. ಎತ್ತಿನವರು ಅದಕ್ಕೇನೂ ಬೆರಗಾಗಲಿಲ್ಲ. ಗೊರಸಿನ ಮಣ್ಣು ನೋಡಿ ಎತ್ತು ಯಾವ ಸೀಮೆಯದೆಂದು ಹೇಳುವವರು ಅವರು.

ಶೆಟ್ಟರು ಹೇಳಿದ್ದು ಅವರ ಅಂಗಡಿ ಮೇಲುಗಡೆ ಬಾಡಿಗೆಗಿದ್ದ ವಕೀಲರಿಂದ ಕೇಳಿದ ಕಥೆ. ಎಷ್ಟೋ ವರ್ಷಗಳ ಮೇಲೆ ನಾನು ಆ ತೀರ್ಪನ್ನೇ ಓದಿದೆ. ಹೋಮ್ಸ್ ನಿಜಕ್ಕೂ ಅದರಲ್ಲಿದ್ದಾನೆ. ಬಕೆಟ್ಟಿನ ಹುಡುಗಿಯೂ ಹೊರೆ ಹೊತ್ತ ಹುಡುಗಿಯೂ ಇದ್ದಾರೆ. ತೀರ್ಪು ಬರೆದವರು ನ್ಯಾಯಮೂರ್ತಿ ಜಿ. ಕೆ. ಮಿಟ್ಟರ್.

ಕಥೆ ಮುಗಿಸಿ ಶೆಟ್ಟರು ಶಾಲಿನೊಳಗಿಂದ ಒಂದು ಪೊಟ್ಟಣ ತೆಗೆದರು. ಒಂದೇ ಒಂದು. "ಆಗ ನೋಡಿದ್ದು ಇದೇನಾ?"

ಎರಡರಲ್ಲೊಂದು ನಕಲಿ ಎಂದು ಎಲ್ಲರಿಗೂ ಗೊತ್ತು. ಕೇಳುತ್ತಿರುವವರು ಮೋಸ ಮಾಡಬಹುದು ಎಂಬುದೂ ಗೊತ್ತು. ಆದರೂ ಗುಂಪು ಎರಡಾಯಿತು. ಕೆಲವರು ಇದೇ ಎಂದರು, ಕೆಲವರು ಅಲ್ಲ ಎಂದರು. ಇಬ್ಬರು ಬೀಡಿ ಕಟ್ಟು ಪಣ ಕಟ್ಟಿದರು. ಮೇಷ್ಟ್ರು ಈ ಸಲ ಅಕ್ಷರ ಅಕ್ಷರ ಓದಲು ಹೋದರು, ಶೆಟ್ಟರು ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. ಮುದುಕಿ ಇನ್ನೂ ಅಲ್ಲೇ ಕೂತಿದ್ದಳು, ಮೊಮ್ಮಗ ಮಡಿಲಲ್ಲಿ ನಿದ್ದೆಹೋಗಿದ್ದ. ಅವಳು ತಲೆ ಎತ್ತಿ ಒಂದು ಸಲ ನೋಡಿದಳು. "ಅಕ್ಕ" ಎಂದಳು. ಶೆಟ್ಟರು ಹೆಬ್ಬೆರಳು ತೆಗೆದರು. ಅಕ್ಕನೇ.

"ಅದೆಂಗವ್ವ ಗೊತ್ತಾಯ್ತದೆ ನಿಂಗೆ?"

"ದಿನಾ ನೋಡ್ತೀನಲ್ಲಪ್ಪ. ಒಲೆ ಪಕ್ಕದ ಗೋಡೆಗೆ ಕಾಗದ ಅಂಟ್ಸಿವ್ನಿ. ಮಗ ಅತ್ರೆ ತೋರುಸ್ತೀನಿ, ಅಕ್ಕೋ ನೋಡು ನಿನ್ನ ಜೊತೆಯೋಳು ಅಂತ."

ಇದಾದ ಮೇಲೆ ಶೆಟ್ಟರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಸುಪ್ರೀಂ ಕೋರ್ಟಿನ ಲೆಕ್ಕದಲ್ಲಿ ಗಿರಾಕಿಯ ಬಳಿ ಇರುವುದು ಮಸುಕು ನೆನಪು. ಪಾರ್ಲೆಗಿಂತ ಮೊದಲು, 1962ರಲ್ಲಿ, ಅಮೃತಧಾರಾ ಎಂಬ ಔಷಧಿಗೂ ಲಕ್ಷ್ಮಣಧಾರಾ ಎಂಬ ಔಷಧಿಗೂ ನಡೆದ ವ್ಯಾಜ್ಯದಲ್ಲೂ ಅದೇ ಅಳತೆಗೋಲು ಇಟ್ಟಿತ್ತು: ಸಾಧಾರಣ ಬುದ್ಧಿ, ಅರೆಬರೆ ನೆನಪು. ಈ ಮುದುಕಿಯ ಮಟ್ಟಿಗೆ ಅಸಲಿ ಯಾವಾಗಲೂ ಗೋಡೆಯ ಮೇಲೇ ಇತ್ತು. ಅವಳ ಕೈಗೆ ಬಂದ ನಕಲಿ ಅಸಲಿಯ ಪಕ್ಕವೇ ಬಂದು ನಿಲ್ಲಬೇಕಾಯಿತು. ನಕಲಿಗೆ ಆಗದ ಕೆಲಸ ಅದೊಂದೇ.

ಬೆಂಕಿಗೆ ಇನ್ನೊಂದು ಹೊರೆ ಸೋಗೆ ಬಿತ್ತು. ಮಾತು ಹೆಸರುಗಳ ಕಡೆ ಹೊರಳಿತು. ಡಾಲ್ಡಾ ಎಂದರೇನು ಶೆಟ್ಟರೇ ಎಂದು ಯಾರೋ ಕೇಳಿದರು. ಶೆಟ್ಟರು ಇಂಥದಕ್ಕೆ ಕಾಯುತ್ತಿದ್ದವರೇ. ದಾದಾ ಎಂಬ ಡಚ್ ಕಂಪನಿ ಈ ದೇಶಕ್ಕೆ ವನಸ್ಪತಿ ತರಿಸುತ್ತಿತ್ತು. ಲೀವರ್‌ನವರು ತಾವೇ ಇಲ್ಲಿ ತಯಾರಿಸಲು ಹೊರಟಾಗ ದಾದಾದವರು ನಮ್ಮ ಹೆಸರು ಉಳಿಯಬೇಕು ಎಂದರು. ಲೀವರ್‌ನವರು ಆ ಹೆಸರಿನ ಹೊಟ್ಟೆಯೊಳಗೆ ತಮ್ಮ ಹೆಸರಿನ ಮೊದಲಕ್ಷರ 'ಲ' ತುರುಕಿದರು. 1937ರಲ್ಲಿ ಡಾಲ್ಡಾ ಹುಟ್ಟಿತು. ಒಂದಕ್ಷರ ಸೇರಿಸಿದ್ದು ಅಲ್ಲೂ ಹೌದು, ಆದರೆ ಒಪ್ಪಂದ ಮಾಡಿಕೊಂಡು ಸೇರಿಸಿದ್ದು. ಮೆಟಡೋರಿನವನು ಎರಡಕ್ಷರ ಅದಲುಬದಲು ಮಾಡಿದ್ದು ಕತ್ತಲಲ್ಲಿ.

ನಿರ್ಮಾದ ಕಥೆ ಕೇಳಿ ಮುದುಕಿ ಲೊಚಗುಟ್ಟಿದಳು. ಗುಜರಾತಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯ ಹಿತ್ತಲಲ್ಲಿ ಬಟ್ಟೆ ತೊಳೆಯುವ ಪುಡಿ ಮಾಡಿ ಸೈಕಲ್ಲಿನ ಮೇಲೆ ಮನೆಮನೆಗೆ ಮಾರಿದರು. ಮಗಳು ನಿರುಪಮಾ, ಮನೆಯಲ್ಲಿ ಕರೆಯುತ್ತಿದ್ದುದು ನಿರ್ಮಾ ಎಂದು. ಆ ಮಗಳು ಅಪಘಾತದಲ್ಲಿ ತೀರಿಕೊಂಡಳು, ಹೆಸರು ಪೊಟ್ಟಣದ ಮೇಲೆ ಉಳಿಯಿತು. ಬಿಳಿ ಫ್ರಾಕಿನ ಆ ಹುಡುಗಿಯಂಥ ಹುಡುಗಿಯರು ಆಮೇಲೆ ಎಷ್ಟು ಪುಡಿಗಳ ಮೇಲೆ ಕುಣಿದರು ಎಂಬುದನ್ನು ನಮ್ಮ ಅಂಗಡಿಯಲ್ಲೇ ಕಂಡಿದ್ದೇನೆ.

ಮೈಸೂರು ಸ್ಯಾಂಡಲ್ಲಿನದು ನಮ್ಮದೇ ಕಥೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ನಿಂತುಹೋಗಿ ಕೊರಡು ರಾಶಿ ಬಿದ್ದಾಗ ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ ಸೇರಿ 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ತೆಗೆಸಿದರು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ. ಸೋಪಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಬಂದರು. ಇದನ್ನು ಹೇಳುವಾಗ ಮೇಷ್ಟ್ರೂ ಶೆಟ್ಟರೂ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ನನಗೆ ನಿದ್ದೆ ಎಳೆಯುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಡಿ ಮುಂದೆ ಅಪ್ಪ ಒಂದು ಹುರಿ ಕಟ್ಟುತ್ತಿದ್ದರು. ಹುರಿಗೆ ಎರಡು ಪೊಟ್ಟಣ ಪಕ್ಕಪಕ್ಕ ನೇತುಹಾಕಿದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಇದು ಕೂಸಿಂದು. ಇದು ಅದಲ್ಲ, ಬೇರೆ ಯಾರೋ ಮಾಡಿದ್ದು, ನಾಲ್ಕಾಣೆ ಕಮ್ಮಿ." ಮುದುಕಿಗೆ ಅಸಲಿ ಪೊಟ್ಟಣ ಕೊಟ್ಟು ಕಾಸು ತೆಗೆದುಕೊಳ್ಳಲಿಲ್ಲ. ಹಿಂದಿನ ದಿನ ಒಯ್ದವರಲ್ಲಿ ಗುರುತು ಸಿಕ್ಕವರನ್ನೂ ಕರೆದು ನಾಲ್ಕಾಣೆ ವಾಪಸು ಕೊಟ್ಟರು.

ಎಲ್ಲರೂ ಅಸಲಿಯನ್ನೇ ಕೊಳ್ಳುತ್ತಾರೆಂದು ಅಣ್ಣ ಹಣೆ ಚಚ್ಚಿಕೊಂಡಿದ್ದ. ಹಾಗಾಗಲಿಲ್ಲ. ಮೊದಲು ಖಾಲಿಯಾದದ್ದು ಅಗ್ಗದ್ದೇ. ಎತ್ತು ಕಾಯುವ ಹುಡುಗರು, ಗುಂಪಿನಲ್ಲಿ ಬಂದವರು, "ಅಕ್ಕನ್ನೇ ಕೊಡಿ, ಟೀಗೆ ಅದ್ಕಂಡು ತಿನ್ನಾಕೆ ಯಾವುದಾದ್ರೇನು" ಎಂದು ನಗುತ್ತ ಒಯ್ದರು. ಅವರ್ಯಾರೂ ಮೋಸಹೋಗಲಿಲ್ಲ.

ಜಾತ್ರೆ ಮುಗಿಯುವ ಮೊದಲೇ ಮೆಟಡೋರ್ ಮತ್ತೆ ಬಂತು. ಡಬ್ಬ ಖಾಲಿಯಾಗಿದ್ದು ನೋಡಿ ಅವನು ಹಿಗ್ಗಬೇಕಿತ್ತು. ಹಿಗ್ಗುತ್ತಲೇ ಇಳಿದ, ಹುರಿ ನೋಡಿ ಮುಖ ಗಂಟಿಕ್ಕಿಕೊಂಡ. "ಇದೇನ್ ಸಾರ್, ಎರಡೂ ಪಕ್ಕಪಕ್ಕ ನೇತಾಕಿದೀರಿ?"

"ಮಾರಾಟ ಆಗಿದೆಯಲ್ಲಪ್ಪ, ನಿನಗೇನು ಕಷ್ಟ?"

"ಹಿಂಗೆಲ್ಲ ಮಾಡಬಾರದು ಸಾರ್. ಬೇರೆ ಅಂಗಡಿಯೋರು ಯಾರೂ ಹಿಂಗೆ ಮಾಡಲ್ಲ."

ಅಪ್ಪ ಬಿಲ್ಲು ಕೇಳಿದರು. ಬಿಲ್ಲು ಪುಸ್ತಕ ತರುತ್ತೇನೆಂದು ಗಾಡಿ ಹತ್ತಿದವನು ಮತ್ತೆ ನಮ್ಮ ಅಂಗಡಿಯ ಕಡೆ ಸುಳಿಯಲಿಲ್ಲ. ಮಾಲು ಖರ್ಚಾದರೂ ಬೇಡವಾಯಿತಲ್ಲ ಅವನಿಗೆ! ಅಂಥ ವ್ಯಾಪಾರದ ಅಸಲು ಬಂಡವಾಳ ಬಿಸ್ಕತ್ತಲ್ಲ ಎಂಬುದನ್ನು ಅವನೇ ಬಾಯಿಬಿಟ್ಟು ಹೇಳಿಹೋದ.

ಕಾನೂನಿನ ಕಣ್ಣಿನಲ್ಲಿ ಅಪ್ಪ ಮಾಡಿದ್ದೂ ಸರಿಯಲ್ಲ ಎಂದು ಈಗ ಹೇಳಬೇಕು. ಹೇಳಿ ಮಾರಿದರೂ ಅಂಥ ಮಾಲು ಮಾರುವುದೇ ತಪ್ಪು. ಈಗಿರುವ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಸುಳ್ಳು ಮಾರ್ಕಿನ ಸರಕು ಮಾರುವವನಿಗೂ ಆರ್ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ರೂ. 50,000ದಿಂದ 2 ಲಕ್ಷದವರೆಗೆ ದಂಡ ಇದೆ. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಡಬ್ಬವನ್ನು ಹೊಳೆಗೆ ಸುರಿಯುವಷ್ಟು ಅನುಕೂಲವೂ ಇರಲಿಲ್ಲ.

ಪಾರ್ಲೆಯವರ ಮುಂದಿನ ಕಥೆ ಶೆಟ್ಟರಿಗೆ ಗೊತ್ತಿದ್ದರೂ ಅವತ್ತು ಹೇಳಲಿಲ್ಲ. ಹೊದಿಕೆಯ ವ್ಯಾಜ್ಯ ಗೆದ್ದರೂ ಗ್ಲೂಕೋಸ್ ಎಂಬುದನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ಸಕ್ಕರೆಯ ಒಂದು ಜಾತಿ. ಬ್ರಿಟಾನಿಯಾದವರು ಗ್ಲೂಕೋಸ್-ಡಿ ತಂದರು. ಶೋಲೆಯ ಗಬ್ಬರ್ ಸಿಂಗ್, ಅಮ್ಜದ್ ಖಾನ್, ಅದರ ಜಾಹೀರಾತಿನಲ್ಲಿ ಬಂದ. ಊರಿಗೊಂದು ಗ್ಲೂಕೋಸ್ ಬಿಸ್ಕತ್ತಾದಾಗ, ಎಂಬತ್ತರ ದಶಕದ ಆರಂಭದಲ್ಲಿ, ಪಾರ್ಲೆಯವರು ಗ್ಲೂಕೋ ಬಿಟ್ಟು ಬರೀ 'ಜಿ' ಉಳಿಸಿಕೊಂಡರು. ಇನ್ನು ಆ ಕೂಸು. ಅದು ಇಂಥವರ ಬಾಲ್ಯದ ಫೋಟೋ ಎಂದು ಆಗಾಗ ಸುದ್ದಿ ಹಬ್ಬುತ್ತದೆ, ನಮ್ಮ ಸುಧಾ ಮೂರ್ತಿಯವರ ಹೆಸರೂ ಅದರಲ್ಲಿ ಬಂದುಹೋಗಿದೆ. ಅದು ಯಾರ ಫೋಟೋವೂ ಅಲ್ಲ, ಅರವತ್ತರ ದಶಕದಲ್ಲಿ ಜಾಹೀರಾತು ಸಂಸ್ಥೆಯ ಕಲಾವಿದರು ಬರೆದ ಚಿತ್ರ ಎಂದು ಕಂಪನಿಯೇ ಹೇಳಿದೆ.

ಹೋಲಿಕೆ ಇದ್ದದ್ದೆಲ್ಲ ನಕಲಿ ಎನ್ನುವುದಕ್ಕೂ ಆಗುವುದಿಲ್ಲ. ನಂದಿನಿ ಹಾಲು 1985ರಿಂದ ಇದೆ. ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲು 1989ರಿಂದ. ಹಾಲಿನ ಮಹಾಮಂಡಳ ಆಕ್ಷೇಪ ಎತ್ತಿ, ಆ ವ್ಯಾಜ್ಯವೂ ಸುಪ್ರೀಂ ಕೋರ್ಟು ಮುಟ್ಟಿತು. 2018ರ ಜುಲೈನಲ್ಲಿ ಹೋಟೆಲಿನವರು ಗೆದ್ದರು. ನಂದಿನಿ ಎಂಬುದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೊಬ್ಬರೂ ಹೊಸದಾಗಿ ಕಟ್ಟಿದ್ದಲ್ಲ. ಒಬ್ಬರ ಗುರುತಿನಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಹಾಲಿಗೆ ಹೋದವನು ಹೋಟೆಲಿಗೆ ನುಗ್ಗುವುದಿಲ್ಲ ಎಂಬ ಧಾಟಿಯ ತೀರ್ಪು. ನನಗದು ಸರಿಯೆನಿಸುತ್ತದೆ. ಅಲ್ಲಿ ಯಾರೂ ಯಾರ ನೆರಳಿನಲ್ಲೂ ಅಡಗಿರಲಿಲ್ಲ, ಎರಡು ಬೋರ್ಡೂ ಹಗಲಲ್ಲೇ ನೇತಾಡುತ್ತಿದ್ದವು.

ಪೂರಾ ಖೋಟಾ ಮಾಡುವವನದು ಬೇರೆ ಜಾತಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಗ ಪತ್ತೆಯಾಯಿತು. ಅಲ್ಲಿ ಅಕ್ಷರ ಅದಲುಬದಲು ಮಾಡುವ ನಾಚಿಕೆಯೂ ಇರಲಿಲ್ಲ. ಆದರೂ ಇಬ್ಬರಲ್ಲಿ ನನಗೆ ಹೆಚ್ಚು ಹೇಸಿಗೆ ಮೆಟಡೋರಿನವನ ಮೇಲೆಯೇ. ಖೋಟಾದವನು ಸಿಕ್ಕಿಬಿದ್ದರೆ ಕಳ್ಳ. ಇವನು ಸಿಕ್ಕಿಬಿದ್ದರೆ ಎರಡಕ್ಷರ ತೋರಿಸಿ ನಾನು ಬೇರೆ ಎನ್ನುತ್ತಾನೆ, ಸಿಕ್ಕಿಬೀಳುವ ತನಕ ನಾನೇ ಅವನು ಎನ್ನುತ್ತಾನೆ. ರೈಲಿನಲ್ಲಿ ಬಾಯಾರಿ ಬಿಸ್ಲೇರಿ ಕೇಳಿದವರ ಕೈಗೆ, ಅದೇ ಅಕ್ಷರಗಳನ್ನು ಕಲಸಿ ಬರೆದ ಬಾಟಲಿ ಇಟ್ಟು ಮುಂದಿನ ಡಬ್ಬಿಗೆ ಓಡುವವನೂ ಇವನ ಪೈಕಿಯೇ.

1972ರ ಆ ತೀರ್ಪನ್ನು ಇವತ್ತಿಗೂ ಇಂಥ ವ್ಯಾಜ್ಯಗಳಲ್ಲಿ ವಕೀಲರು ಎತ್ತಿ ಓದುತ್ತಾರೆ. ಆದರೆ ಅದರಲ್ಲಿ ಬರುವ ಎರಡು ಹೊದಿಕೆಗಳನ್ನು ನಾನು ಕಣ್ಣಾರೆ ಕಂಡಿಲ್ಲ, ತೀರ್ಪಿನ ಮಾತುಗಳಲ್ಲಿ ಮಾತ್ರ ನೋಡಿದ್ದೇನೆ. ಮೈಸೂರಿನ ಹಳೇ ಮನೆಗಳಲ್ಲಿ ಕಪಾಟಿನ ತಟ್ಟೆಗೆ, ಟ್ರಂಕಿನ ತಳಕ್ಕೆ, ಅಡುಗೆಮನೆ ಗೋಡೆಗೆ ಬಿಸ್ಕತ್ತಿನ ಕಾಗದ ಹಾಕಿದವರು ಬೇಕಾದಷ್ಟು ಜನ ಇದ್ದರು. ಹುಲ್ಲಿನ ಹೊರೆ ಹೊತ್ತು, ಕುಡುಗೋಲು ಬುತ್ತಿ ಹಿಡಿದು, ಹಸು ಕೋಳಿಗಳ ನಡುವೆ ನಿಂತ ಹುಡುಗಿಯ ಕಾಗದ ನಿಮ್ಮ ಮನೆಯಲ್ಲೆಲ್ಲಾದರೂ ಉಳಿದಿದ್ದರೆ, ದಯವಿಟ್ಟು ಅದನ್ನು ಕಸಕ್ಕೆ ಹಾಕಬೇಡಿ.